ಚಾರ್ಜರ್ ಮಾರೋ ಮುಂಚೆ ನಮ್ಮ ಅರ್ತು, ಕಂಬ, ಟಿಸಿ ನೋಡಿ: ಕೊಡಗಿನ ಒಬ್ಬ ವೈರ್‌ಮ್ಯಾನ್ ಬರೆದ ಬಹಿರಂಗ ಪತ್ರ

ಕೊಡಗಿಗೆ ಎಲೆಕ್ಟ್ರಿಕ್ ಕಾರು ಮಾರುವ ಶೋರೂಂ ಮ್ಯಾನೇಜರ್‌ಗಳಿಗೆ, ಮನೆ ಚಾರ್ಜರ್ ಕಂಪನಿಗಳ ಸರ್ವಿಸ್ ವಿಭಾಗದವರಿಗೆ, ಹಾಗೂ ನಮ್ಮ ಜಿಲ್ಲೆಯ ವಿದ್ಯುತ್ ಕಚೇರಿಗಳ ಎಂಜಿನಿಯರ್ ಸಾಹೇಬರುಗಳಿಗೆ,

ಮಾನ್ಯರೇ,

ನಾನು ಸೋಮವಾರಪೇಟೆ ಕಡೆಯ ವೈರಿಂಗ್ ಕೆಲಸದವನು, ಲೈಸೆನ್ಸ್ ಇದೆ. ಮಾದಾಪುರ, ಸುಂಟಿಕೊಪ್ಪ, ಆಚೆ ನಾಪೋಕ್ಲು ತನಕ ಮನೆ, ತೋಟದ ಕೆಲಸದವರ ಲೈನ್ ಮನೆ, ಹೋಂಸ್ಟೇ, ಕಾಫಿ ಹಣ್ಣಿನ ಸಿಪ್ಪೆ ತೆಗೆಯೋ ಪಲ್ಪರ್ ಶೆಡ್ ಎಲ್ಲಾ ಕಡೆ ಕೆಲಸ ಮಾಡ್ತೀನಿ. ನಿಮ್ಮ ಟೀಮಿನವರು ಮೈಸೂರಿಂದಲೋ ಮಂಗಳೂರಿಂದಲೋ ಬಂದು ಗೋಡೆಗೆ ನಾಲ್ಕು ತೂತು ಹೊಡೆದು ಬಾಕ್ಸ್ ನೇತುಹಾಕಿ, ಓನರ್ ಫೋನಿಗೆ ಆ್ಯಪ್ ಹಾಕಿಕೊಟ್ಟು, ಹಸಿರು ಲೈಟ್ ಬಂದಿದ್ದರ ಫೋಟೋ ಹೊಡ್ಕೊಂಡು, ಸಹಿ ಹಾಕಿಸ್ಕೊಂಡು ಮಧ್ಯಾಹ್ನದ ಊಟಕ್ಕೆ ಕುಶಾಲನಗರ ಸೇರ್ಕೋತಾರೆ. ಆಮೇಲೆ ರಾತ್ರಿ ಫೋನ್ ಬರೋದು ನನಗೆ. "ಏನಪ್ಪಾ, ಕಾರು ಚಾರ್ಜೇ ತಗೋತಿಲ್ಲ, ಬಾಕ್ಸಲ್ಲಿ ಕೆಂಪು ಲೈಟ್ ಮಿನುಗ್ತಾ ಇದೆ, ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಮೈಸೂರಿಗೆ ಹೋಗ್ಬೇಕು, ಸ್ವಲ್ಪ ಬಂದು ನೋಡ್ತೀಯಾ" ಅಂತ. ಹೋಗಿ ನೋಡಿದ್ರೆ ಕಾರೂ ಸರಿ ಇರತ್ತೆ, ಬಾಕ್ಸೂ ಸರಿ ಇರತ್ತೆ. ಅದರ ಹಿಂದೆ ಇರೋ ಅರ್ತು (ಭೂಮಿಗೆ ಕೊಡೋ ವೈರು), ಕೇಬಲ್ಲು, ಕಂಬ, ಟಿಸಿ (ಊರಿನ ಟ್ರಾನ್ಸ್‌ಫಾರ್ಮರ್), ಇದನ್ನ ಯಾರೂ ತಿರುಗಿ ನೋಡಿರಲ್ಲ.

ಮೊದಲೇ ಹೇಳ್ಬಿಡ್ತೀನಿ, ನಾನು ಎಲೆಕ್ಟ್ರಿಕ್ ಕಾರಿನ ವಿರೋಧಿ ಅಲ್ಲ. ನಮ್ಮ ಜಿಲ್ಲೆಗೆ ಇದು ಒಳ್ಳೇದೇ ಅಂತ ನನ್ನ ಅಭಿಪ್ರಾಯ. ತೋಟದಿಂದ ಪೇಟೆಗೆ, ಪೇಟೆಯಿಂದ ತೋಟಕ್ಕೆ ಓಡಾಡೋರಿಗೆ ದಿನಕ್ಕೆ ಮೂವತ್ತು ನಲವತ್ತು ಕಿಲೋಮೀಟರ್ ಮೇಲೆ ಆಗಲ್ಲ, ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿಯೋವಾಗ ಬ್ರೇಕಿಗೆ ಹೋಗೋ ಶಕ್ತಿ ಸ್ವಲ್ಪ ವಾಪಸ್ ಬ್ಯಾಟರಿಗೆ ಬರತ್ತೆ, ಪೆಟ್ರೋಲಿಗೆ ಅಂತ ಬಂಕ್ ಹುಡುಕ್ಕೊಂಡು ಹೋಗೋದು ತಪ್ಪತ್ತೆ. ಆದ್ರೆ ಹಳ್ಳಿ ಕಡೆ ಪಬ್ಲಿಕ್ ಚಾರ್ಜರ್ ಅನ್ನೋದು ಕೈಗೆ ಸಿಗೋ ಹಾಗಿಲ್ಲ, ಹಾಗಾಗಿ ಇಲ್ಲಿ ಮನೆಯೇ ಬಂಕು. ಆ ಬಂಕನ್ನ ಹೆಂಗೆ ಹಾಕ್ತಾ ಇದ್ದೀರಿ ಅನ್ನೋದೇ ನನ್ನ ತಕರಾರು. ಹಸು ತರೋ ಮುಂಚೆ ಕೊಟ್ಟಿಗೆ ನೋಡ್ತೀವಲ್ಲ, ಆ ಪದ್ಧತಿ ಕಾರಿನ ವಿಷಯದಲ್ಲಿ ಯಾಕಿಲ್ಲ?

ಮೊದಲು ಶೋರೂಂನವರಿಗೆ. ನಿಮ್ಮ ಸೇಲ್ಸ್ ಹುಡುಗ್ರು ಎಲ್ಲರಿಗೂ 7.2 ಕಿಲೋವ್ಯಾಟ್ ಬಾಕ್ಸ್ ಹಾಕ್ಸಿ ಅಂತಾರೆ, ಮನೆಗೆ ತ್ರೀ ಫೇಸ್ ಇದೆ ಅಂದ್ರೆ 11 ಕಿಲೋವ್ಯಾಟ್ ಹಾಕ್ಸಿ, ಫಾಸ್ಟ್ ಆಗತ್ತೆ ಅಂತಾರೆ. ಗೋಡೆ ಮೇಲಿನ ಬಾಕ್ಸ್ ಚಾರ್ಜ್ ಮಾಡೋದೇ ಇಲ್ಲ, ಅದು ಕರೆಂಟನ್ನ ಸೇಫಾಗಿ ಕಾರಿನ ಬಾಗಿಲ ತನಕ ತರೋ ಒಂದು ಸ್ವಿಚ್ಚು, ಎಸಿಯನ್ನ ಡಿಸಿ ಮಾಡಿ ಬ್ಯಾಟರಿ ತುಂಬೋ ಅಸಲಿ ಚಾರ್ಜರ್ ಕಾರಿನ ಒಳಗೇ ಇದೆ ಅನ್ನೋದನ್ನ ಗಿರಾಕಿಗೆ ಯಾರೂ ಹೇಳಲ್ಲ. ಕಾರಿನ ಒಳಗಿರೋದು 3.3 ಕಿಲೋವ್ಯಾಟ್ ಆಗಿದ್ರೆ ಹೊರಗೆ ಏಳು ಹಾಕಿದ್ರೂ ಅಷ್ಟೇ, ಹನ್ನೊಂದು ಹಾಕಿದ್ರೂ ಅಷ್ಟೇ. ಇನ್ನೂ ಒಂದು ಸೂಕ್ಷ್ಮ ಇದೆ. 11 ಕಿಲೋವ್ಯಾಟ್ ಬಾಕ್ಸ್ ಅಂದ್ರೆ ಮೂರು ಫೇಸಿಗೆ ತಲಾ 16 ಆಂಪ್ಸ್, ಕಾರು ಸಿಂಗಲ್ ಫೇಸ್‌ದಾಗಿದ್ರೆ ಅದು ಒಂದೇ ಫೇಸಿಂದ 16 ಆಂಪ್ಸ್ ತಗೊಳ್ಳತ್ತೆ, ಅಂದ್ರೆ ಮೂರೂವರೆ ಕಿಲೋವ್ಯಾಟ್ ಚಿಲ್ಲರೆ. ಜಾಸ್ತಿ ದುಡ್ಡು ಕೊಟ್ಟು 7.2ಕ್ಕಿಂತ ನಿಧಾನದ ಚಾರ್ಜರ್ ತಗೊಂಡ ಹಾಗಾಯ್ತು. ಇಂಥಾ ಮನೆ ನಾನು ನೋಡಿದ್ದೀನಿ. ಆ ಯಜಮಾನ್ರು ಕಾರಲ್ಲೇ ಏನೋ ಫಾಲ್ಟ್ ಇದೆ ಅಂದ್ಕೊಂಡು ಎರಡು ಸಲ ಸರ್ವಿಸಿಗೆ ಬಿಟ್ಟಿದ್ರು, ಅಲ್ಲಿಯೂ ಯಾರೂ ಹೇಳಿಲ್ಲ.

ಅಸಲಿಗೆ ಅಷ್ಟೊಂದು ಬೇಕಾ ಅಂತ ಲೆಕ್ಕ ಹಾಕಿ ನೋಡಿ. ಒಂದು ಯೂನಿಟ್ಟಿಗೆ ನಮ್ಮ ಏರು ಇಳಿವಲ್ಲಿ ಐದಾರು ಕಿಲೋಮೀಟರ್ ಹೋಗತ್ತೆ ಅಂತ ಇಟ್ಕೊಳ್ಳೋಣ. ಬರೀ 10 ಆಂಪ್ಸಲ್ಲಿ, ಅಂದ್ರೆ 2.3 ಕಿಲೋವ್ಯಾಟಲ್ಲಿ, ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಆರು ಗಂಟೆ ತನಕ ಹಾಕಿದ್ರೆ 16 ಯೂನಿಟ್ ಆಗತ್ತೆ, ಅದರಲ್ಲಿ ಸ್ವಲ್ಪ ಬಿಸಿಯಾಗಿ ಪೋಲಾದ್ರೂ ಎಪ್ಪತ್ತು ಎಂಬತ್ತು ಕಿಲೋಮೀಟರಿಗೆ ಮೋಸ ಇಲ್ಲ. ತೋಟದ ಮನೆಯವರಿಗೆ ಇದು ಧಾರಾಳ. ಬೆಂಗಳೂರಿಗೆ ವಾರಕ್ಕೊಮ್ಮೆ ಓಡೋರು, ಟ್ಯಾಕ್ಸಿ ಇಟ್ಟೋರು, ಅವರಿಗೆ 7.2 ಬೇಕು, ಒಪ್ತೀನಿ. ಉಳಿದೋರಿಗೆ ಬೇಕಾಗಿರೋದು ಆಂಪ್ಸ್ ಕಮ್ಮಿ ಜಾಸ್ತಿ ಮಾಡೋಕೆ ಬರೋ ಬಾಕ್ಸು. ಟೈಪ್ 2 ಗನ್ (ಕಾರಿಗೆ ಸಿಕ್ಕಿಸೋ ಪ್ಲಗ್ಗು) ಇರೋ ಬಾಕ್ಸ್ "ಇಷ್ಟು ಆಂಪ್ಸ್ ಮೇಲೆ ಎಳೀಬೇಡ" ಅಂತ ಕಾರಿಗೆ ಒಂದು ಸಿಗ್ನಲ್ ಕಳಿಸ್ತಾ ಇರತ್ತೆ, ಕಾರು ಆ ಮಾತು ಮೀರಲ್ಲ, 6 ಆಂಪ್ಸ್ ತನಕ ಇಳಿಸಬಹುದು. ಸೌಲಭ್ಯ ಇದೆ, ಆದ್ರೆ ನಿಮ್ಮ ಟೀಮು 32ಕ್ಕೆ ಇಟ್ಟು, ಸೆಟ್ಟಿಂಗ್ಸಿಗೆ ಇನ್‌ಸ್ಟಾಲರ್ ಪಾಸ್‌ವರ್ಡ್ ಹಾಕಿ, ಆ ಪಾಸ್‌ವರ್ಡ್ ಜೇಬಲ್ಲಿ ಇಟ್ಕೊಂಡು ಹೋಗ್ತಾರೆ. ಮನೆ ಅವರದ್ದು, ದುಡ್ಡು ಅವರದ್ದು, ಕರೆಂಟ್ ಬಿಲ್ ಅವರದ್ದು, ಆಂಪ್ಸ್ ಇಳಿಸೋಕೆ ಮಾತ್ರ ಟೋಲ್ ಫ್ರೀ ನಂಬರಿಗೆ ಫೋನ್ ಮಾಡಿ ಹಿಂದಿಯಲ್ಲಿ ಮಾತಾಡ್ಬೇಕು.

ಈಗ ಎಂಜಿನಿಯರ್ ಸಾಹೇಬ್ರಿಗೆ ಗೊತ್ತಿರೋ, ಶೋರೂಂನವರಿಗೆ ಗೊತ್ತಿಲ್ಲದೇ ಇರೋ ಒಂದು ವಿಷಯ. ನಮ್ಮ ಊರುಗಳಲ್ಲಿ ಸುಮಾರು ಕಡೆ ಇರೋದು 25 ಕೆವಿಎ ಟಿಸಿ. ಮೂರು ಫೇಸಿಗೆ ಹಂಚಿದ್ರೆ ಒಂದೊಂದಕ್ಕೆ 8 ಕೆವಿಎ ಚಿಲ್ಲರೆ. ಅದರಲ್ಲಿ ಒಂದು ಮನೆಯಲ್ಲಿ 7.2 ಕಿಲೋವ್ಯಾಟ್ ಸಿಂಗಲ್ ಫೇಸ್ ಚಾರ್ಜರ್ ಆನ್ ಆದ್ರೆ ಆ ಫೇಸ್ ಹೆಚ್ಚೂಕಮ್ಮಿ ಪೂರ್ತಿ ಒಂದೇ ಕಾರಿಗೆ ಹೋಯ್ತು. ಅದೇ ಫೇಸಲ್ಲಿರೋ ಪಕ್ಕದ ಮನೆಯಲ್ಲಿ ಮಿಕ್ಸಿ ತಿರುಗಲ್ಲ, ಲೈನ್ ಮನೆಯಲ್ಲಿ ಫ್ಯಾನ್ ಸುಮ್ನೆ ಅಲ್ಲಾಡ್ತಾ ಇರತ್ತೆ, ಟಿಸಿಯಲ್ಲಿ ಫ್ಯೂಸ್ ಹೋಗತ್ತೆ, ಪಾಪ ಲೈನ್‌ಮ್ಯಾನ್ ಅಣ್ಣ ಮಳೆಯಲ್ಲಿ ಕೊಡೆ ಹಿಡ್ಕೊಂಡು ಬರ್ಬೇಕು. ಜಗಳ ಶುರುವಾಗೋದು ಇಲ್ಲಿಂದ. ಒಂದು ಕಡೆ ಊರವರು "ನಿಮ್ಮ ಕಾರಿಂದ ನಮ್ಮ ಫ್ರಿಜ್ ಹೋಯ್ತು" ಅಂತ ಮಾತು ಬಿಟ್ಟಿದ್ದೂ ಆಗಿದೆ. ಅವರು ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ಇಂಗ್ಲೆಂಡಲ್ಲಿ ಇದಕ್ಕೆ ಅಂತಲೇ ಕಾನೂನು ಇದೆ, 2022ರ ಜೂನ್ ಕೊನೆಯಿಂದ ಅಲ್ಲಿ ಮಾರೋ ಮನೆ ಚಾರ್ಜರ್‌ಗಳೆಲ್ಲ ಒಟ್ಟಿಗೇ ಆನ್ ಆಗಬಾರದು ಅಂತ ಹತ್ತು ನಿಮಿಷದ ತನಕ ಒಂದೊಂದೂ ಬೇರೆ ಬೇರೆ ತಡ ಮಾಡಿ ಶುರು ಆಗೋ ಹಾಗೆ ಇರ್ಬೇಕು. ಅಲ್ಲಿಯ ಗಟ್ಟಿ ಲೈನಿಗೇ ಇಷ್ಟು ಜಾಗ್ರತೆ, ನಮ್ಮ ಸಿಲ್ವರ್ ಓಕ್ ಮಧ್ಯೆ ಹಾದುಹೋಗೋ ತಂತಿಗೆ ಬೇಡ್ವಾ?

ಅದಕ್ಕೇ ಲೋಡ್ ಬ್ಯಾಲೆನ್ಸಿಂಗ್ ಇರೋ ಬಾಕ್ಸ್ ಕೊಡಿ ಅನ್ನೋದು. ಮೇನ್ ಲೈನಿಗೆ ಒಂದು ಸಿಟಿ ಕ್ಲಾಂಪ್ (ಎಷ್ಟು ಆಂಪ್ಸ್ ಹೋಗ್ತಿದೆ ಅಂತ ಅಳೆಯೋ ಬಳೆ) ಹಾಕಿದ್ರೆ ಮನೆಯಲ್ಲಿ ಬಾವಿ ಮೋಟರ್ರೋ ಗೀಸರ್ರೋ ಆನ್ ಆದಾಗ ಬಾಕ್ಸ್ ತಾನಾಗಿ ಕಾರಿನ ಆಂಪ್ಸ್ ಇಳಿಸತ್ತೆ, ಅದು ಆಫ್ ಆದ ಮೇಲೆ ಏರಿಸತ್ತೆ. ನನ್ನ ಕಣ್ಣಲ್ಲಿ ಸ್ಮಾರ್ಟ್ ಚಾರ್ಜರಲ್ಲಿ ಸ್ಮಾರ್ಟ್ ಅಂತ ಕರೆಯೋಕೆ ಲಾಯಕ್ಕಾಗಿರೋದು ಮುಖ್ಯವಾಗಿ ಇದೊಂದು. ಬಣ್ಣ ಬಣ್ಣದ ಲೈಟು, ಆ್ಯಪಲ್ಲಿ ಗ್ರಾಫು, ಮಾತಾಡಿದ್ರೆ ಆನ್ ಆಗೋದು, ಇವೆಲ್ಲ ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಇಟ್ಕೊಳ್ಳಿ. ಆದ್ರೆ ಕ್ಲಾಂಪ್ ಬಾಕ್ಸಿನ ಜೊತೆ ಬರಲ್ಲ, ಬೇರೆ ತರಿಸ್ಬೇಕು, ತರಿಸೋದು ಇರತ್ತೆ ಅಂತ ಸೇಲ್ಸಿನವರಿಗೇ ಗೊತ್ತಿರಲ್ಲ. ಕೆಲವರು ವೋಲ್ಟೇಜ್ ಕಮ್ಮಿ ಅಂದ್ರೆ ದೊಡ್ಡ ಸ್ಟೆಬಿಲೈಸರ್ ಹಾಕ್ಸಿ ಅಂತ ಸಲಹೆ ಕೊಡ್ತಾರೆ. ಸ್ಟೆಬಿಲೈಸರ್ ಒಳಗೆ ವೋಲ್ಟೇಜ್ ಏರಿಸ್ಬೇಕು ಅಂದ್ರೆ ಹೊರಗಿನ ಲೈನಿಂದ ಇನ್ನೂ ಜಾಸ್ತಿ ಆಂಪ್ಸ್ ಎಳೀಬೇಕು. ನಿಮ್ಮ ಮನೆ ಸರಿಯಾಗತ್ತೆ, ಊರಿನ ಲೈನ್ ಇನ್ನಷ್ಟು ಕೆಡತ್ತೆ.

ಟೈಮರ್ ವಿಷಯ. ಚಾರ್ಜರ್ ಬ್ರೋಷರಲ್ಲಿ ರಾತ್ರಿ ಅಗ್ಗದ ಕರೆಂಟಲ್ಲಿ ಚಾರ್ಜ್ ಮಾಡಿ ಉಳಿಸಿ ಅಂತ ಬರ್ದಿರ್ತಾರೆ, ಅದು ಹೊರದೇಶದ ಬ್ರೋಷರಿಂದ ಎತ್ತಿದ್ದು. ನಮ್ಮಲ್ಲಿ ಕೇಂದ್ರ ಸರ್ಕಾರ 2023ರ ಜೂನಲ್ಲಿ ಗ್ರಾಹಕರ ಹಕ್ಕಿನ ನಿಯಮ ತಿದ್ದಿ, 2025ರ ಏಪ್ರಿಲ್ ಒಂದರಿಂದ ಕೃಷಿ ಬಿಟ್ಟು ಉಳಿದೋರಿಗೂ ಹೊತ್ತಿಗೊಂದು ರೇಟ್ ಇರ್ಬೇಕು ಅಂದಿದೆ. ಆದ್ರೆ ಅದರಲ್ಲಿ ಅಗ್ಗ ಆಗೋದು ಬಿಸಿಲಿನ ಹೊತ್ತಿನ ಕರೆಂಟು, ಅದೂ ಸ್ಮಾರ್ಟ್ ಮೀಟರ್ ಬಂದ ಮೇಲೆ. ಹಳೇ ಮೀಟರ್ ಇರೋ ಮನೆಗೆ ರಾತ್ರಿ ಹನ್ನೊಂದಕ್ಕೆ ಹಾಕಿದ್ರೂ ಸಂಜೆ ಏಳಕ್ಕೆ ಹಾಕಿದ್ರೂ ಯೂನಿಟ್ ರೇಟ್ ಒಂದೇ. ಹಂಗಂತ ಟೈಮರ್ ಬೇಡ ಅಂತ ನಾನು ಹೇಳ್ತಿಲ್ಲ, ಖಂಡಿತ ಹಾಕಿ. ನಮ್ಮ ಕಡೆ ಟೈಮರ್ ಬೇಕಾಗಿರೋದು ವೋಲ್ಟೇಜಿಗೆ, ಸಂಜೆ ಆರರಿಂದ ಹತ್ತರ ತನಕ ಲೈನ್ ಜೀವ ಹಿಡ್ಕೊಂಡಿರತ್ತೆ, ಊರು ಮಲಗಿದ ಮೇಲೆ ಚೇತರಿಸ್ಕೊಳ್ಳತ್ತೆ. ಫೆಬ್ರವರಿ ಮಾರ್ಚಲ್ಲಿ ಕಾಫಿ ಹೂ ಅರಳೋಕೆ ಬೇಕಾದ ಹೂಮಳೆ ಕೈಕೊಟ್ಟು ತೋಟ ತೋಟದಲ್ಲೂ ಸ್ಪ್ರಿಂಕ್ಲರ್ ಮೋಟರ್ ಓಡೋವಾಗ ಮಾತ್ರ ಯಾವ ಹೊತ್ತಿಗೂ ನಂಬೋ ಹಾಗಿಲ್ಲ, ಆಗ 6 ಆಂಪ್ಸಿಗೆ ಇಳಿಸಿ ಇಡೀ ರಾತ್ರಿ ಬಿಟ್ಬಿಡೋದೇ ದಾರಿ.

ಇನ್ನು ಇಂಟರ್‌ನೆಟ್ಟು. ಜೂನಿಂದ ಆಗಸ್ಟ್ ತನಕ ನಮ್ಮಲ್ಲಿ ಗಾಳಿಮಳೆ ಹೊಡೆದ್ರೆ ಮೊದಲು ಹೋಗೋದು ಕರೆಂಟು, ಹಿಂದೇನೇ ಟವರಿನ ಬ್ಯಾಟರಿ ಮುಗ್ದು ನೆಟ್‌ವರ್ಕು. 2018ರ ಆಗಸ್ಟಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜರಿದಾಗ ರಸ್ತೆಯೇ ಇರ್ಲಿಲ್ಲ, ಅದು ಬಿಡಿ, ಮಾಮೂಲಿ ಮಳೆಗಾಲದಲ್ಲೇ ಭಾಗಮಂಡಲ ಕಡೆ ದಿನಗಟ್ಟಲೆ ಫೋನ್ ಸಿಗಲ್ಲ. ಅಂಥಾ ಊರಿಗೆ ನೀವು ಆ್ಯಪಲ್ಲಿ ಸ್ಟಾರ್ಟ್ ಒತ್ತಿದ್ರೆ ಮಾತ್ರ ಆನ್ ಆಗೋ ಚಾರ್ಜರ್ ಮಾರ್ತೀರಿ. ಆ ಒತ್ತಿದ್ದು ಎಲ್ಲೋ ದೂರದ ಸರ್ವರಿಗೆ ಹೋಗಿ ಅಲ್ಲಿಂದ ಮೂರಡಿ ದೂರದ ಗೋಡೆಗೆ ವಾಪಸ್ ಬರ್ಬೇಕು. ಇನ್ನೂ ಕೆಲವು ಬಾಕ್ಸಲ್ಲಿ ಕರೆಂಟ್ ಹೋಗಿ ಬಂದ್ರೆ ಚಾರ್ಜಿಂಗ್ ತಾನಾಗಿ ಮುಂದುವರಿಯಲ್ಲ, ಮತ್ತೆ ಆ್ಯಪ್ ತೆಗೆದು ಒತ್ತಬೇಕು. ನಮ್ಮಲ್ಲಿ ರಾತ್ರಿ ಎಷ್ಟು ಸಲ ಕರೆಂಟ್ ಕಣ್ಣುಮುಚ್ಚಾಲೆ ಆಡತ್ತೆ ಅಂತ ನಿಮಗೆ ಗೊತ್ತಾ? ಮನೆಯವರು ಮಲಗಿದ್ದಾಗ ಹೋಗಿ ಬಂದಿರತ್ತೆ, ಬೆಳಿಗ್ಗೆ ನೋಡಿದ್ರೆ ಕಾರು ಸಂಜೆ ಬಿಟ್ಟಷ್ಟರಲ್ಲೇ ನಿಂತಿರತ್ತೆ. ಇಂಗ್ಲೆಂಡಿನ ಅದೇ ಕಾನೂನಲ್ಲಿ ನೆಟ್‌ವರ್ಕ್ ಕಡಿದುಹೋದ್ರೂ ಚಾರ್ಜರ್ ಕೆಲಸ ಮಾಡ್ತಾ ಇರ್ಬೇಕು ಅಂತ ಇದೆ. ನಮ್ಮಲ್ಲಿ ಕಾನೂನು ಬರೋ ತನಕ ಕಾಯೋದು ಬೇಡ, ಕೊಡಗಿಗೆ ಕಳಿಸೋ ಪ್ರತಿಯೊಂದು ಬಾಕ್ಸನ್ನೂ ಗನ್ ಸಿಕ್ಕಿಸಿದ ಕೂಡಲೇ ಆನ್ ಆಗೋ ಮೋಡಲ್ಲಿ, ಕರೆಂಟ್ ಬಂದ ಕೂಡಲೇ ತಾನಾಗಿ ಶುರು ಆಗೋ ಮೋಡಲ್ಲಿ ಇಟ್ಟು ಕೊಡಿ. ಟೈಮರ್ ಬಾಕ್ಸಿನ ಒಳಗೇ ನೆನಪಿರ್ಬೇಕು, ಸರ್ವರಲ್ಲಿ ಅಲ್ಲ. ಒಸಿಪಿಪಿ ಅನ್ನೋ ಓಪನ್ ಪ್ರೋಟೋಕಾಲ್ ಇರೋದನ್ನೇ ಕೊಡಿ, ನಾಳೆ ನಿಮ್ಮ ಕಂಪನಿ ಬಾಗಿಲು ಹಾಕಿದ್ರೂ ಬಾಕ್ಸನ್ನ ಬೇರೆಯವರ ಸಾಫ್ಟ್‌ವೇರಿಗೆ ಜೋಡಿಸೋಕೆ ದಾರಿ ಇರತ್ತೆ.

ಈಗ ನಾನು ಈ ಪತ್ರ ಬರಿಯೋಕೆ ಕೂತಿದ್ದೇ ಯಾವ ಕಾರಣಕ್ಕೋ ಆ ವಿಷಯಕ್ಕೆ ಬರ್ತೀನಿ. ಅರ್ತಿಂಗ್.

ಹಳೇ ತೋಟದ ಮನೆಗಳಲ್ಲಿ ಅರ್ತ್ ಅಂದ್ರೆ ಅಜ್ಜನ ಕಾಲದಲ್ಲಿ ಹೂತ ಒಂದು ಜಿಐ ಪೈಪು, ಅದಕ್ಕೆ ಸುತ್ತಿದ ತಂತಿ ತುಕ್ಕು ಹಿಡಿದು ಎಲ್ಲೋ ಕಡಿದಿರತ್ತೆ, ಎಷ್ಟೋ ಕಡೆ ಅದೂ ಇಲ್ಲ. ಬಲ್ಬು ಫ್ಯಾನಿಗೆ ಅದು ಗೊತ್ತಾಗಲ್ಲ. ಇವಿ ಚಾರ್ಜರ್ ಮಾತ್ರ ಆನ್ ಆಗೋ ಮುಂಚೆ ಅರ್ತ್ ಇದೆಯಾ ಅಂತ ಚೆಕ್ ಮಾಡತ್ತೆ, ಇಲ್ಲ ಅಂದ್ರೆ ಕೆಂಪು ಲೈಟ್. ಆಗ ಮಾಡ್ಬೇಕಾಗಿರೋದು ಹೊಸ ಪಿಟ್ ತೋಡಿಸಿ ಇದ್ದಿಲು ಉಪ್ಪು ಹಾಕಿಯೋ ಕೆಮಿಕಲ್ ರಾಡ್ ಇಳಿಸಿಯೋ ಚಾರ್ಜರಿಗೇ ಬೇರೆ ಅರ್ತ್ ಕೊಡೋದು. ಅದಕ್ಕೆ ಅರ್ಧ ದಿನ ಬೇಕು, ಆಳು ಬೇಕು, ಕಲ್ಲು ಸಿಕ್ಕಿದ್ರೆ ಇನ್ನೊಂದು ಕಡೆ ತೋಡ್ಬೇಕು. ಕೆಲವು ಟೀಮಿನವರು ಏನ್ ಮಾಡ್ತಾರೆ ಅಂದ್ರೆ ನ್ಯೂಟ್ರಲ್ಲಿಂದ (ಕರೆಂಟ್ ವಾಪಸ್ ಹೋಗೋ ವೈರು) ಅರ್ತಿಗೆ ಒಂದು ಸಣ್ಣ ತುಂಡು ವೈರ್ ಲಿಂಕ್ ಮಾಡಿ ಮುಚ್ಚಳ ಹಾಕ್ತಾರೆ. ಚಾರ್ಜರ್ ಮೋಸ ಹೋಗತ್ತೆ, ಹಸಿರು ಲೈಟ್ ಬರತ್ತೆ, ಫೋಟೋ ಹೋಗತ್ತೆ, ಕೆಲಸ ಮುಗೀತು. ಎಲ್ಲಾ ಟೀಮೂ ಹೀಗೆ ಅಂತ ನಾನು ಹೇಳ್ತಿಲ್ಲ, ಒಳ್ಳೆ ಕೆಲಸ ಮಾಡೋ ಹುಡುಗ್ರನ್ನೂ ನೋಡಿದ್ದೀನಿ, ಆದ್ರೆ ಆ ಲಿಂಕ್ ವೈರನ್ನ ಒಂದಕ್ಕಿಂತ ಜಾಸ್ತಿ ಮನೆಯಲ್ಲಿ ನಾನೇ ಕೈಯಾರೆ ಬಿಚ್ಚಿದ್ದೀನಿ.

ಅದರಿಂದ ಏನಾಗತ್ತೆ ಅಂತ ಗೊತ್ತಿಲ್ದೋರಿಗೆ ಬಿಡಿಸಿ ಹೇಳ್ತೀನಿ. ಜುಲೈಯಲ್ಲಿ ಒಂದು ಕೊಂಬೆ ಮುರಿದು ತಂತಿ ಮೇಲೆ ಬಿದ್ದು ನ್ಯೂಟ್ರಲ್ ಮಾತ್ರ ಕಡಿದು ಫೇಸ್ ಹಾಗೇ ಉಳಿದ್ರೆ, ಇದು ನಮ್ಮಲ್ಲಿ ಅಪರೂಪದ್ದಲ್ಲ, ಮನೆಯೊಳಗಿನ ಬಲ್ಬು ಫ್ರಿಜ್ ಮೂಲಕ ಹಾದು ಬಂದ ಫೇಸ್ ಈ ಕಡೆ ನ್ಯೂಟ್ರಲ್ ವೈರಲ್ಲಿ ಬಂದು ನಿಲ್ಲತ್ತೆ. ನ್ಯೂಟ್ರಲ್ಲಿಗೆ ಅರ್ತ್ ಲಿಂಕ್ ಇದೆ, ಅರ್ತು ಗನ್ನಿನ ಮೂಲಕ ಕಾರಿನ ಬಾಡಿಗೆ ಹೋಗಿದೆ. ಕಾರು ನಿಂತಿರೋದು ರಬ್ಬರ್ ಟೈರ್ ಮೇಲೆ, ಅದು ಸುಮ್ನೆ ಕರೆಂಟ್ ಹೊತ್ಕೊಂಡು ನಿಂತಿರತ್ತೆ. ಬರಿಗಾಲಲ್ಲಿ ಕೆಸರಲ್ಲಿ ನಿಂತ್ಕೊಂಡು ಬಾಗಿಲಿಗೆ ಕೈ ಹಾಕೋ ಮೊದಲ ಮನುಷ್ಯನಿಗೆ ಅದು ಗೊತ್ತಾಗೋದು. ಲಿಂಕ್ ಇರೋದು ಚಾರ್ಜರಿನ ಹಿಂದೆ, ಹಾಗಾಗಿ ಬಾಕ್ಸಿನ ಒಳಗಿರೋ ರಕ್ಷಣೆಗೆ ಈ ಕರೆಂಟ್ ಕಾಣೋದೇ ಇಲ್ಲ, ಅದು ಟ್ರಿಪ್ ಆಗಲ್ಲ. ಮನೆಯ ಮೇನಲ್ಲಿ ಲೀಕೇಜ್ ಆದ ಕೂಡಲೇ ಕರೆಂಟ್ ಕಡಿಯೋ ಆರ್‌ಸಿಸಿಬಿ ಇದ್ರೆ ಜೀವ ಉಳೀಬಹುದು, ಆದ್ರೆ ಮಳೆಗಾಲದಲ್ಲಿ ಸುಮ್ಸುಮ್ನೆ ಟ್ರಿಪ್ ಆಗತ್ತೆ ಅಂತ ಅದನ್ನ ಬೈಪಾಸ್ ಮಾಡಿಸ್ಕೊಂಡಿರೋ ಮನೆ ಎಷ್ಟಿವೆ ಅಂತ ಈ ಜಿಲ್ಲೆಯ ಯಾವ ವೈರ್‌ಮ್ಯಾನನ್ನ ಬೇಕಾದ್ರೂ ಕೇಳಿ. ಕಾರಲ್ಲಿ ಸ್ಕೂಲಿಗೆ ಹೋಗೋ ಮಕ್ಕಳಿರೋ ಮನೆಗಳು ಇವು.

ಇನ್ನೊಂದು ಮಾತು ಅರ್ತಿನದ್ದೇ. ಮಳೆಗಾಲದಲ್ಲಿ ನೆಲ ನೆನೆದು ಮೆತ್ತಗಿರೋವಾಗ ಟೆಸ್ಟ್ ಮಾಡಿದ್ರೆ ಎಂಥಾ ಪಿಟ್ಟೂ ಪಾಸಾಗತ್ತೆ. ಮಾರ್ಚಲ್ಲಿ ಅದೇ ಕೆಂಪು ಮಣ್ಣು ಒಣಗಿ ಇಟ್ಟಿಗೆ ಥರ ಆದಾಗ ರೆಸಿಸ್ಟೆನ್ಸ್ ಏರತ್ತೆ, ಆಗ ಚಾರ್ಜರ್ ಮುಷ್ಕರ ಹೂಡತ್ತೆ. ಅಳೆದ ಓಮ್ಸ್ ಎಷ್ಟು, ಯಾವ ತಿಂಗಳು ಅಳೆದಿದ್ದು ಅಂತ ಕಾಗದದಲ್ಲಿ ಬರೆದು ಕೊಡಿ, ಬೇಸಿಗೆಯಲ್ಲಿ ಪಿಟ್ಟಿಗೆ ನೀರು ಹಾಕ್ಬೇಕು ಅಂತ ಗಿರಾಕಿಗೆ ಹೇಳಿ, ಅಷ್ಟೇ ಸಾಕು. ಜನರೇಟರಲ್ಲಿ ಹಾಕಿದ್ರೂ ಅರ್ತ್ ಫಾಲ್ಟ್ ತೋರಿಸತ್ತೆ ಅಂತ ಫೋನ್ ಮಾಡ್ತಾರೆ, ಸಣ್ಣ ಜನರೇಟರಲ್ಲಿ ನ್ಯೂಟ್ರಲ್ಲಿಗೂ ಭೂಮಿಗೂ ಸಂಬಂಧವೇ ಇರಲ್ಲ, ಅದು ಚಾರ್ಜರಿನ ತಪ್ಪಲ್ಲ. ಇದನ್ನೂ ಮಾರೋವಾಗಲೇ ಹೇಳ್ಬಹುದು.

ಉಳಿದಿದ್ದು ಬೇಗ ಹೇಳ್ತೀನಿ. ಚಾರ್ಜರಿಗೆ ಅಂತಲೇ 30 ಮಿಲಿ ಆಂಪ್ಸಿನ ಆರ್‌ಸಿಸಿಬಿ ಬೇಕು, ಕಮ್ಮಿ ಅಂದ್ರೂ ಟೈಪ್ ಎ ಇರ್ಬೇಕು ಅನ್ನೋದು ಇವಿ ಚಾರ್ಜಿಂಗ್ ಬಗ್ಗೆ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮದಲ್ಲೇ ಇದೆ, ಎಕ್ಸ್‌ಟೆನ್ಷನ್ ವೈರ್ ಹಾಕ್ಬಾರದು ಅಂತಾನೂ ಇದೆ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗೋ ಟೈಪ್ ಎಸಿ ಹಾಕಿದ್ರೆ ಕಾರಿಂದ ಬರೋ ಡಿಸಿ ಲೀಕೇಜಿಗೆ ಅದು ಕುರುಡಾಗಬಹುದು. ಬಾಕ್ಸ್ ಒಳಗೆ 6 ಮಿಲಿ ಆಂಪ್ಸ್ ಡಿಸಿ ಪತ್ತೆ ಮಾಡೋದು ಇದೆಯಾ ಅಂತ ನೋಡಿ ತಗೊಳ್ಳಿ. ಏಪ್ರಿಲ್ ಮೇ ಗುಡುಗು ಸಿಡಿಲಲ್ಲಿ ಟಿವಿ, ರೂಟರ್ ಸುಟ್ಟ ಮನೆ ನಮ್ಮಲ್ಲಿ ಬೇಕಾದಷ್ಟಿದೆ, ಸಿಡಿಲಿನ ಹೊಡೆತ ತಡೆಯೋ ಎಸ್‌ಪಿಡಿ ಹಾಕದೇ ಅಷ್ಟು ದುಡ್ಡಿನ ಬಾಕ್ಸ್ ಗೋಡೆಗೆ ಹೊಡೀಬೇಡಿ. ಕೇಬಲ್ಲಂತೂ ದೊಡ್ಡ ಕಥೆ. ತೋಟದ ಮನೆಯಲ್ಲಿ ಮೀಟರ್ ಬೋರ್ಡ್ ಒಂದು ಕಡೆ, ಕಾರ್ ಶೆಡ್ ಕಣದ ಆಚೆ. ನಿಮ್ಮ ಪ್ಯಾಕೇಜಲ್ಲಿ ಬರೋ ಫ್ರೀ ಕೇಬಲ್ ಅಲ್ಲಿಗೆ ಮುಟ್ಟಲ್ಲ, ಆಮೇಲೆ ಮೀಟರ್ ಲೆಕ್ಕದಲ್ಲಿ ದುಡ್ಡು ಅಂದಾಗ ಗಿರಾಕಿ ಸಣ್ಣ ಕೇಬಲ್ ಸಾಕು ಅಂತಾನೆ, ನಿಮ್ಮವರು ಹೂಂ ಅಂತಾರೆ. 50 ಮೀಟರ್ ದೂರಕ್ಕೆ 4 ಸ್ಕ್ವೇರ್ (ಚದರ ಮಿಲಿಮೀಟರ್ ದಪ್ಪದ) ಕಾಪರಲ್ಲಿ 32 ಆಂಪ್ಸ್ ಎಳೆದ್ರೆ ದಾರಿಯಲ್ಲೇ 15 ವೋಲ್ಟ್ ಹತ್ರ ಕಳೆದುಹೋಗತ್ತೆ, 10 ಸ್ಕ್ವೇರ್ ಹಾಕಿದ್ರೆ 6 ವೋಲ್ಟ್. ಮೊದಲೇ ಬಡವಾಗಿರೋ ಲೈನಲ್ಲಿ ಆ ವ್ಯತ್ಯಾಸಕ್ಕೇ ಬಾಕ್ಸ್ ಅಂಡರ್ ವೋಲ್ಟೇಜ್ ಅಂತ ಆಫ್ ಆಗೋದು.

ಹೋಂಸ್ಟೇ ನಡೆಸೋರಿಗೂ ಈ ಜಾಗದಲ್ಲೇ ಒಂದು ಮಾತು. ವೀಕೆಂಡಿಗೆ ಬೆಂಗಳೂರಿಂದ ಇವಿಯಲ್ಲಿ ಬರೋ ಗೆಸ್ಟಿಗೆ ರೂಮಿನ ಕಿಟಕಿಯಿಂದ ಎಕ್ಸ್‌ಟೆನ್ಷನ್ ಎಳೆದು ಕೊಡೋದು ನಿಲ್ಲಿಸಿ. ಗೀಸರಿನ ಪಾಯಿಂಟು ಅರ್ಧ ಗಂಟೆ ಓಡೋಕೆ ಮಾಡಿದ್ದು, ಎಂಟು ಗಂಟೆ ಒಂದೇ ಸಮ 15 ಆಂಪ್ಸ್ ಹೋದ್ರೆ ಸಾಕೆಟ್ ಕರಗತ್ತೆ, ಕರಗಿದ್ದನ್ನ ಬದಲಾಯಿಸೋದು ನನಗೆ ಈಗ ಮಾಮೂಲಿ ಕೆಲಸ ಆಗಿದೆ. ಮತ್ತೆ ಕೆಲವರು ಜಾಣತನ ಅಂದ್ಕೊಂಡು ಪಂಪ್ ಹೌಸಿನ ಐಪಿ ಸೆಟ್ (ನೀರಾವರಿ ಪಂಪಿಗೆ ಕೊಟ್ಟ) ಲೈನಿಂದ ಕಾರಿಗೆ ಕೊಡ್ತಾರೆ. ಕೊಟ್ಟ ಉದ್ದೇಶ ಬಿಟ್ಟು ಬೇರೆಯದಕ್ಕೆ ಕರೆಂಟ್ ಬಳಸಿದ್ರೆ 2003ರ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್ನಲ್ಲಿ ದುಪ್ಪಟ್ಟು ರೇಟ್ ಹಾಕ್ತಾರೆ, ಆಮೇಲೆ ಯಾರ ಶಿಫಾರಸೂ ನಡೆಯಲ್ಲ.

ಎಂಜಿನಿಯರ್ ಸಾಹೇಬ್ರೇ, ಇನ್ನು ನಿಮ್ಮ ಹತ್ರ ನೇರವಾಗಿ. ಮನೆ ಕನೆಕ್ಷನ್ನಲ್ಲೇ ಸ್ವಂತ ಕಾರು ಚಾರ್ಜ್ ಮಾಡಬಹುದು ಅಂತ ಕೇಂದ್ರದ ಮಾರ್ಗಸೂಚಿ 2022ರ ಜನವರಿಯಲ್ಲೇ ಸ್ಪಷ್ಟವಾಗಿ ಹೇಳಿದೆ, ಆದ್ರೂ ಕೌಂಟರಲ್ಲಿ ಕೂತ ಕೆಲವರು "ಮನೆ ಮೀಟರಲ್ಲಿ ಕಾರಿಗೆ ಹಾಕೋ ಹಾಗಿಲ್ಲ" ಅಂತ ವಾಪಸ್ ಕಳಿಸ್ತಾರೆ. ಇನ್ನೊಬ್ಬರ ಹತ್ರ ಕೇಳಿದ್ರೆ "ಏನೂ ಬೇಡ ಹಾಕ್ಕೊಳ್ಳಿ, ಲೋಡ್ ಕೂಡ ಏರಿಸೋದು ಬೇಡ" ಅಂತಾರೆ. ಎರಡೂ ತಪ್ಪು. ಮೂರು ಕಿಲೋವ್ಯಾಟ್ ಲೋಡ್ ಸ್ಯಾಂಕ್ಷನ್ (ಮಂಜೂರು) ಇರೋ ಮನೆಗೆ ಏಳು ಕಿಲೋವ್ಯಾಟ್ ಚಾರ್ಜರ್ ಬಂದಿದ್ದು ನಿಮ್ಮ ರಿಜಿಸ್ಟರಲ್ಲಿ ಬರದೇ ಹೋದ್ರೆ ಟಿಸಿ ಬದಲಾಯಿಸ್ಬೇಕು ಅಂತ ನೀವು ಮೇಲಿನವರಿಗೆ ಯಾವ ಲೆಕ್ಕ ತೋರಿಸ್ತೀರಿ?

ಜನ ಲೋಡ್ ಏರಿಸೋಕೆ ಹಿಂಜರಿಯೋದಕ್ಕೆ ಕಾರಣ ಇದೆ, ಅದನ್ನೂ ಹೇಳ್ಬೇಕು. ಕಿಲೋವ್ಯಾಟಿಗೆ ಇಷ್ಟು ಅಂತ ತಿಂಗಳಾ ತಿಂಗಳಾ ಫಿಕ್ಸೆಡ್ ಚಾರ್ಜ್ ಬೀಳತ್ತೆ. ಅದಕ್ಕಿಂತ ದೊಡ್ಡ ಹೆದರಿಕೆ ಗೃಹಜ್ಯೋತಿಯದ್ದು. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸೋರಿಗೆ ಕಾರೊಂದಕ್ಕೇ ನೂರೆಪ್ಪತ್ತು ನೂರೆಂಬತ್ತು ಯೂನಿಟ್ ಬೇಕು, ಮನೆಯದ್ದೂ ಸೇರಿದ್ರೆ 200 ದಾಟತ್ತೆ, ದಾಟಿದ್ರೆ ಪೂರ್ತಿ ಬಿಲ್ ಕಟ್ಟಬೇಕು. ಪೆಟ್ರೋಲ್ ಲೆಕ್ಕದಲ್ಲಿ ಆಗಲೂ ಲಾಭವೇ, ಆದ್ರೆ ಸೊನ್ನೆ ಬಿಲ್ ನೋಡಿ ಅಭ್ಯಾಸ ಆದೋರಿಗೆ ಅದು ನಷ್ಟ ಅಂತಲೇ ಕಾಣತ್ತೆ. ನಮ್ಮ ರಾಜ್ಯದ ದರಪಟ್ಟಿಯಲ್ಲಿ ಇವಿ ಚಾರ್ಜಿಂಗಿಗೆ ಅಂತ ಬೇರೆ ವರ್ಗವೇ ಇದೆಯಲ್ಲ, ಮನೆಯ ಕಾರ್ ಶೆಡ್ಡಿಗೂ ಆ ರೇಟಲ್ಲಿ ಎರಡನೇ ಮೀಟರ್ ಸಿಗತ್ತಾ, ಸಿಗೋದಾದ್ರೆ ಯಾವ ಅರ್ಜಿ, ಯಾವ ಕಾಗದ, ಎಷ್ಟು ಡೆಪಾಸಿಟ್, ಎಷ್ಟು ದಿನ, ಇಷ್ಟನ್ನ ಕನ್ನಡದಲ್ಲಿ ಒಂದು ಹಾಳೆ ಪ್ರಿಂಟ್ ಹಾಕಿ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಕುಶಾಲನಗರ, ಪೊನ್ನಂಪೇಟೆ ಐದೂ ತಾಲ್ಲೂಕಿನ ಕಚೇರಿ ಗೋಡೆಗೆ ಅಂಟಿಸಿ. ಕೌಂಟರಿನವರಿಗೂ ಜನರಿಗೂ ಒಂದೇ ಉತ್ತರ ಸಿಗಲಿ.

ಶೋರೂಂನವರ ಹತ್ರ ನನ್ನ ಬೇಡಿಕೆ ಇಷ್ಟು. ಬುಕಿಂಗ್ ಅಡ್ವಾನ್ಸ್ ತಗೊಳ್ಳೋ ಮುಂಚೆ ಒಬ್ಬ ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ನನ್ನ ಮನೆಗೆ ಕಳಿಸಿ, ಊರವನೇ ಆದ್ರೆ ಇನ್ನೂ ಒಳ್ಳೇದು. ಅವನು ಸಂಜೆ ಏಳು ಗಂಟೆಗೆ ವೋಲ್ಟೇಜ್ ನೋಡಲಿ, ಬೆಳಿಗ್ಗೆ ಹತ್ತು ಗಂಟೆಯದ್ದು ಯಾವ ಲೆಕ್ಕಕ್ಕೂ ಬರಲ್ಲ, ಅರ್ತ್ ಅಳೀಲಿ, ಬಿಲ್ಲಲ್ಲಿ ಸ್ಯಾಂಕ್ಷನ್ ಲೋಡ್ ಓದಲಿ, ಶೆಡ್ಡಿಗೆ ಟೇಪ್ ಹಿಡೀಲಿ, ಆಮೇಲೆ ಯಾವ ಬಾಕ್ಸು, ಎಷ್ಟು ಆಂಪ್ಸ್ ಅಂತ ಬರೆದು ಸಹಿ ಹಾಕಿ ಕೊಡಲಿ. ಆ ಕಾಗದದ ಒಂದು ಕಾಪಿ ವಿದ್ಯುತ್ ಇಲಾಖೆಯ ಸೆಕ್ಷನ್ ಆಫೀಸಿಗೆ ಹೋಗಲಿ. ಚಾರ್ಜರ್ ಕಂಪನಿಯವರು ಪಾಸ್‌ವರ್ಡನ್ನ ಓನರ್ ಕೈಗೆ ಕೊಡಲಿ, ಕನ್ನಡದಲ್ಲಿ ಮಾತಾಡೋ ಒಬ್ಬರನ್ನ ಫೋನಲ್ಲಿ ಕೂರಿಸಲಿ. ಮತ್ತೆ ಇದುವರೆಗೆ ಈ ಜಿಲ್ಲೆಯಲ್ಲಿ ನಿಮ್ಮ ಟೀಮು ಹಾಕಿರೋ ಒಂದೊಂದು ಬಾಕ್ಸನ್ನೂ ಮುಂದಿನ ಮೇ ತಿಂಗಳ ಒಳಗೆ ತೆರೆಸಿ ಆ ಲಿಂಕ್ ವೈರ್ ಇದೆಯಾ ಅಂತ ನೋಡ್ಸಿ, ನಿಮ್ಮ ಖರ್ಚಲ್ಲೇ. ಹುಡುಗ್ರು ಸಾಲದೆ ಹೋದ್ರೆ ಹೇಳಿ, ನಮ್ಮ ತಾಲ್ಲೂಕಿನ ಮನೆಗಳನ್ನ ನಾನು ಮತ್ತು ನನ್ನ ಜೊತೆಯವರು ಕೂಲಿ ತಗೊಳ್ಳದೇ ನೋಡಿಕೊಡೋಕೆ ತಯಾರಿದ್ದೀವಿ, ಯಾವ್ಯಾವ ಮನೆಗೆ ಹಾಕಿದ್ದೀರಿ ಅನ್ನೋ ಪಟ್ಟಿ ಕೊಡಿ.

ಇಂತಿ ತಮ್ಮ ವಿಶ್ವಾಸಿ,
ಸೋಮವಾರಪೇಟೆ ತಾಲ್ಲೂಕಿನ ಒಬ್ಬ ವೈರ್‌ಮ್ಯಾನ್